ನೀಲಿ ಗುಂಡಿ

ಬೈತಲೆ ಇವತ್ತೂ ಸೊಟ್ಟಗೆ ಬಂತು, ಬಾಚಣಿಗೆಯ ಎರಡು ಹಲ್ಲು ಮುರಿದು ಎಷ್ಟು ದಿನವಾಯಿತು, ಹೊಸದು ಅಂಗಡಿಯಲ್ಲಿಲ್ಲ, ಈ ವರ್ಷ ಅಂಗಡಿಯಲ್ಲಿ ಯಾವುದು ತಾನೇ ಇದೆ, ಅಲ್ಲಾಡಬೇಡ ಪುಟ್ಟಿ, ಅಲ್ಲಾಡ್ತಿಲ್ಲ ಅಮ್ಮ ನೀನೇ ಎಳೀತಿದ್ದೀಯ, ಹೌದು, ನಾನೇ, ಬಲದ ಎಳೆ ನಡುವಿಗೆ, ಎಡದ ಎಳೆ ನಡುವಿಗೆ, ಒಂದು ಜಡೆ ಮುಗಿಯಿತು, ಇನ್ನೊಂದು ಅರ್ಧ — ಅಷ್ಟರಲ್ಲಿ ಸೈಕಲ್ ಬೆಲ್. ಅಂಚೆಯವನು. ಬೀದಿಯ ಪಾತ್ರೆಗಳ ಸದ್ದೆಲ್ಲ ಒಟ್ಟಿಗೇ ನಿಂತಿತು, ಎದುರುಮನೆಯ ಅಜ್ಜಿ ಪೊರಕೆ ಹಿಡಿದವಳು ಹಿಡಿದಂತೆಯೇ ನಿಂತಿದ್ದಾಳೆ, ನಾನು ಜಡೆ ಬಿಟ್ಟು ಕಿಟಕಿಗೆ ಬಂದಿದ್ದೇನೆ, ಗಾಜಿಗೆ ಅಂಟಿಸಿದ ಕಪ್ಪು ಕಾಗದ ಮೂಲೆಯಲ್ಲಿ ಹರಿದಿದೆ, ಅಲ್ಲಿಗೆ ಕಣ್ಣಿಟ್ಟಿದ್ದೇನೆ, ಹಿಂದಿನಿಂದ ಅಮ್ಮಾ ನನ್ನ ರಿಬ್ಬನ್, ಹೊಲಿಗೆ ಚೀಲದಲ್ಲಿದೆ ತಗೋ ಅಂದೆ, ಕಣ್ಣು ಮಾತ್ರ ಬೀದಿಯ ಮೇಲೆ, ಅವನ ಕಾಲು ನಿಧಾನವಾಯಿತೇ, ಇಲ್ಲಿ ಇಳಿಯುತ್ತಾನೆಯೇ, ಇಳಿಯಬೇಡ ಮಾರಾಯ, ಇಳಿ, ಇಳಿಯಬೇಡ.

ಯುದ್ಧ ಮೂರು ತಿಂಗಳಲ್ಲಿ ಮುಗಿಯುತ್ತದೆ ಅಂದಿದ್ದರು. ರೇಡಿಯೋದವನು ಅಂದ, ಪುಟ್ಟಿಯ ಶಾಲೆಯ ಹೆಡ್‌ಮಾಸ್ಟರು ಅಂದರು, ಇವರೂ ಅಂದರು, ಬಸ್ಸಿನ ಕಂಡಕ್ಟರ್ ಆಗಿದ್ದವರು, ಟಿಕೆಟ್ ಚೀಲ ಮೊಳೆಗೆ ತೂಗುಹಾಕಿ, ಮೂರು ತಿಂಗಳು ಕಣೇ, ನಮ್ಮ ಡಿಪೋದಲ್ಲಿ ಒಂದು ಬಸ್ಸು ರಿಪೇರಿಯಾಗಿ ಬರೋದಕ್ಕೆ ಇದಕ್ಕಿಂತ ಹೆಚ್ಚು ಹಿಡಿಯುತ್ತೆ. ಈಗ ವರ್ಷ ತುಂಬಲು ಹನ್ನೊಂದು ದಿನ, ಚೀಲ ಮೊಳೆಯಲ್ಲೇ ಇದೆ, ಧೂಳು ಒರೆಸುತ್ತೇನೆ, ಕೆಳಗಿಳಿಸುವುದಿಲ್ಲ. ಹೊರಡುವ ಹಿಂದಿನ ದಿನ ಇವರ ಸೈನ್ಯದ ಕೋಟಿನ ಗುಂಡಿಗಳನ್ನೆಲ್ಲ ಎಳೆದು ನೋಡಿದೆ, ಒಳಗೆ ಒಂದು ಹೆಚ್ಚಿನ ಗುಂಡಿ ಹೊಲಿದಿರಬೇಕಿತ್ತು, ಇರಲಿಲ್ಲ, ಹಿತ್ತಾಳೆಗೆ ಆಗಲೇ ಬರ, ಪುಟ್ಟಿ ತನ್ನ ಹಳೆಯ ಫ್ರಾಕಿನಿಂದ ನೀಲಿ ಗುಂಡಿಯನ್ನು ಹಲ್ಲಿನಿಂದಲೇ ಕಿತ್ತು ತಂದಳು, ಅಪ್ಪನಿಗೆ ಇದು ಇರಲಿ, ಯಾವುದಾದ್ರೂ ಬಿದ್ದುಹೋದ್ರೆ. ಕೋಟಿನ ಒಳಪದರ, ಅಸ್ತರಿನ ಕೆಳಗೆ, ಎಡಕ್ಕೆ, ಬಿಳಿ ದಾರದಲ್ಲಿ ಹೊಲಿದೆ, ನಾಲ್ಕು ಅಡ್ಡ ಹೊಲಿಗೆ, ಒಂದು ಗಂಟು. ಇವರು ಮೆಟ್ಟಿಲಿಳಿಯುವಾಗ ಪುಟ್ಟಿ ಬಾಗಿಲಿನಿಂದ ರೈಟ್ ರೈಟ್ ಅಂತ ಕೂಗಿದಳು, ಇವರು ತಿರುಗಿ ನೋಡದೆ ಕೈ ಎತ್ತಿದರು, ತಿರುಗಿದ್ದರೆ ಇವರು ಅಳುತ್ತಿದ್ದುದು ನಮಗೆ ಕಾಣಿಸುತ್ತಿತ್ತು.

ಅಂಚೆಯವನು ಮೂಲೆಮನೆಯ ಮುಂದೆ ಕಾಲೂರಿ ಚೀಲ ತಡಕುತ್ತಿದ್ದಾನೆ. ನನಗೆ ಹೊತ್ತಾಗುತ್ತಿದೆ, ಎಂಟಕ್ಕೆ ನಿನ್ನೆ ಕೆಲಸದಿಂದ ಮನೆಗೆ ತಂದ ಕೋಟು ಮತ್ತೆ ನನ್ನ ಮೇಜಿನ ಮೇಲಿರಬೇಕು, ಮೇಸ್ತ್ರಿಯಮ್ಮ ನೋಡುವ ಮೊದಲು. ಮೊದಲು ಶಾಲೆಯಾಗಿದ್ದ ಆ ಹೊಲಿಗೆಯ ಕೊಠಡಿ, ಕಪ್ಪುಹಲಗೆಯ ಮೇಲೆ ಯಾವುದೋ ಮಗುವಿನ ಮಗ್ಗಿ ಅಳಿಸದೆ ಉಳಿದಿದೆ, ಯುದ್ಧದಿಂದ ಹಿಂದೆ ಬಂದ ಕೋಟುಗಳು ಲಾಂಡ್ರಿಯಲ್ಲಿ ಒಗೆದು ನಮ್ಮ ಮುಂದೆ ಬಂದು ಬೀಳುತ್ತವೆ, ತೇಪೆ ಹಾಕಿ ಕೊಟ್ಟರೆ ಇನ್ಯಾರದೋ ಮೈಗೆ ಹೋಗುತ್ತವೆ. ಯಾರದು ಅಂತ ಕೇಳಬಾರದು, ಅದೇ ನಿಯಮ. ಪಕ್ಕದ ಮೇಜಿನ ದೊಡ್ಡಕ್ಕ ಒಂದು ಭಾರೀ ಕೋಟು ಎತ್ತಿ ಹಿಡಿದು, ಈ ಹೊಟ್ಟೆಯನ್ನ ಮನೆಯಿಂದ ತಗೊಂಡು ಹೋದನೋ ಅಲ್ಲೇ ಬೆಳೆಸಿದನೋ ಅನ್ನುತ್ತಾಳೆ, ಎಲ್ಲರೂ ನಗುತ್ತೇವೆ, ನಕ್ಕು ಸೂಜಿಗೆ ದಾರ ಪೋಣಿಸುತ್ತೇವೆ. ಸೇರಿದ ಮೊದಲ ವಾರ ಅವಳೇ ಕಲಿಸಿದ್ದು, ನೋಡಮ್ಮ, ತೋಳಿನಿಂದ ಭುಜದ ತನಕ ಕತ್ತರಿಯಲ್ಲಿ ಸೀಳಿದ್ದಾರಲ್ಲ, ಇದು ಒಳ್ಳೇ ಕೋಟು, ಜೀವ ಇದ್ದವನದು, ಡಾಕ್ಟರಿಗೆ ಗುಂಡಿ ಬಿಚ್ಚುವಷ್ಟು ಪುರಸೊತ್ತಿರಲಿಲ್ಲ, ಹೋದವರದಾದ್ರೆ ಯಾಕೆ ಕತ್ತರಿಸ್ತಾರೆ, ಅವಸರ ಏನಿದೆ, ನಿಧಾನಕ್ಕೆ ಬಿಚ್ಚಿ ತೆಗೀತಾರೆ. ಆಮೇಲೆ ಸೀಳಿದ ಕೋಟು ಬಂದಾಗಲೆಲ್ಲ ನನಗೆ ಖುಷಿ, ಹೊಲಿಯಲು ಎರಡು ಪಟ್ಟು ಕೆಲಸ, ಆದರೂ ಖುಷಿ. ಮನೆಗೆ ಬಂದು ಪುಟ್ಟಿಗೂ ಹೇಳಿದೆ, ಅವಳು ಊಟ ಸೇರದೆ ಕೂತಿದ್ದ ಒಂದು ಸಂಜೆ, ಇವತ್ತು ಐದು ಕತ್ತರಿ ಕೋಟು ಬಂತು ಕಂದ, ಐದೂ ಜನ ಬದುಕಿದ್ದಾರೆ. ಆಮೇಲೆ ದಿನವೂ ಅವಳದು ಅದೊಂದೇ ಮಾತು, ಇವತ್ತು ಎಷ್ಟಮ್ಮ. ಅಪ್ಪ ಯಾವಾಗ ಬರ್ತಾರೆ ಅಂತ ಒಂದು ದಿನವೂ ಕೇಳಲಿಲ್ಲ, ಕಾಗದ ನಿಂತು ನಾಲ್ಕು ತಿಂಗಳಾದರೂ ಕೇಳಲಿಲ್ಲ, ಎಷ್ಟಮ್ಮ ಇವತ್ತು, ಆರು ಪುಟ್ಟಿ. ಕತ್ತರಿ ಇಲ್ಲದವುಗಳ ಮಾತು ನಾನು ಹೇಳಲಿಲ್ಲ. ಎರಡನ್ನು ನಾಲ್ಕು ಅಂದ ದಿನಗಳೂ ಇದ್ದವು.

ನಿನ್ನೆಯ ಕೊನೆಯ ಕೋಟು. ಪಕ್ಕೆಯಲ್ಲಿ ಒಂದು ತೂತು, ಕಿರುಬೆರಳು ಹೋಗುವಷ್ಟು, ಒಳಗಿನಿಂದ ತೇಪೆ ಇಡಲು ಅಸ್ತರನ್ನು ಮಗುಚಿದೆ, ನೀಲಿ ಗುಂಡಿ. ಬಿಳಿ ದಾರ. ನಾಲ್ಕು ಅಡ್ಡ ಹೊಲಿಗೆ. ದೊಡ್ಡಕ್ಕ ನೋಡಿದಳು, ನನ್ನ ಮುಖ ನೋಡಿದಳು, ಅಲ್ಲಿ ಕೋಟುಗಳು ಅದಲುಬದಲಾಗ್ತವೆ ಕಣೇ, ನನ್ನ ತಮ್ಮನ ಕೋಟು ಯಾರ ಮೈಮೇಲೋ ಇತ್ತು, ಅವನು ಆಸ್ಪತ್ರೆಯಲ್ಲಿ ಕೂತು ಇನ್ನೊಂದು ತುತ್ತು ಹಾಕಿ ಅಂತಿದ್ದ, ಹೌದಕ್ಕ, ಅದಲುಬದಲಾಗುತ್ತವೆ, ಆದರೆ ಅವಳು ಮುಂದೆ ನಗಿಸಲಿಲ್ಲ. ಕೋಟನ್ನು ಶಾಲಿನೊಳಗೆ ಮೈಗೆ ಸುತ್ತಿಕೊಂಡು ಗೇಟು ದಾಟಿದೆ, ಗೇಟಿನವನು ಏನಕ್ಕಾ ದಪ್ಪ ಆಗ್ಬಿಟ್ಟೆ, ರೇಷನ್ ನಮ್ಮನೆಗೆ ಮಾತ್ರ ಕಮ್ಮಿ ಬರ್ತಿದೆಯಾ ಅಂದ. ಸೋಪಿನ ವಾಸನೆ ಬಿಟ್ಟರೆ ಕೋಟಿನಲ್ಲಿ ಇನ್ನೇನೂ ಇಲ್ಲ, ಮೂಗಿಟ್ಟು ಹುಡುಕಿದೆ. ಎಷ್ಟಮ್ಮ ಇವತ್ತು. ಮೂರು ಪುಟ್ಟಿ.

ಸೈಕಲ್ ಹೊರಟಿತು, ಮೂಲೆ ತಿರುಗಿತು, ಅಜ್ಜಿಯ ಪೊರಕೆ ಮತ್ತೆ ಆಡುತ್ತಿದೆ, ನಮಗೇನೂ ಇಲ್ಲ, ಏನೂ ಇಲ್ಲ ಅಂದರೆ ಒಳ್ಳೆಯದೇ, ಬಾ ಪುಟ್ಟಿ ಇನ್ನೊಂದು ಜಡೆ, ರಿಬ್ಬನ್ ಸಿಕ್ಕಿತಾ, ರಿಬ್ಬನ್ — ಹೊಲಿಗೆ ಚೀಲ ಅಂದೆನಾ, ಹೊಲಿಗೆ ಚೀಲದಲ್ಲಿ ಅಂತ ನಾನೇ, ನನ್ನ ಬಾಯಿಂದಲೇ — ತಿರುಗಿದರೆ ನೆಲದ ಮೇಲೆ ಕೂತಿದ್ದಾಳೆ, ಅರ್ಧ ಜಡೆ ಬಿಚ್ಚಿಕೊಂಡು ಭುಜದ ಮೇಲೆ, ತೊಡೆಯ ಮೇಲೆ ಕೋಟು, ಒಳಗು ಹೊರಗಾಗಿ, ನೀಲಿ ಗುಂಡಿ ಎದ್ದು ಕಾಣುತ್ತಿದೆ, ಅದನ್ನು ಆಗಲೇ ನೋಡಿಯಾಗಿದೆ ಅವಳು, ಈಗ ಬೇರೇನೋ ಹುಡುಕುತ್ತಿದ್ದಾಳೆ, ಬೆರಳು ಎಡತೋಳಿನ ಹೊಲಿಗೆಯ ಮೇಲೆ ಹೋಗುತ್ತಿದೆ, ಮಣಿಕಟ್ಟಿನಿಂದ ಭುಜದ ತನಕ, ಬಲತೋಳು, ಮಣಿಕಟ್ಟಿನಿಂದ ಭುಜದ ತನಕ, ಮತ್ತೆ ಎಡ, ಏನಾದರೂ ಹೇಳಬೇಕು, ಅದಲುಬದಲಾಗುತ್ತವೆ ಪುಟ್ಟಿ ಅನ್ನಬೇಕು, ನೀಲಿ ಗುಂಡಿ, ಬಿಳಿ ದಾರ, ನಾಲ್ಕು ಅಡ್ಡ ಹೊಲಿಗೆ, ನೀಲಿ ಗುಂಡಿ, ಅವಳು ತಲೆ ಎತ್ತುತ್ತಾಳೆ, ನೀಲಿ ಗುಂಡಿ —

ಅಮ್ಮಾ, ಅಪ್ಪನ ಕೋಟಿಗೆ ಯಾಕೆ ಯಾರೂ ಕತ್ತರಿ ಹಾಕಿಲ್ಲ?