ಹಿಂದಕ್ಕೆ ಓಡಿದ ಜೆಟ್

"ಅತ್ತಿಗೆ, ನಿಮ್ಮ ಜೆಟ್ ರಿವರ್ಸ್ ಗೇರ್ ಹಾಕಿದೆ!"

ರೇಡಿಯೋ ದೂರದರ್ಶಕ ಕೇಂದ್ರದಲ್ಲಿ ಚಿತ್ರ ಜೋಡಿಸುವವನು ಮೈದುನ, ಆ ಚಿತ್ರ ಹಿಡಿದು ತಲೆಕೆಡಿಸಿಕೊಳ್ಳುವ ಖಗೋಳಜ್ಞೆ ಅತ್ತಿಗೆ. ದೂರದ ಗೆಲಾಕ್ಸಿಯ ನಡುವೆ ಕೂತ ದೈತ್ಯ ಕಪ್ಪುಕುಳಿಯೊಂದು ಚಿಮ್ಮಿಸುವ ಉರಿಯುವ ಧಾರೆ, ಅಂದರೆ ಜೆಟ್, ಹೊರಕ್ಕೆ ಓಡುತ್ತಿದೆಯೆಂದು ಅವಳು ಸಂಜೆಯೊಳಗೆ ತೋರಿಸಬೇಕು. ಇಲ್ಲವಾದರೆ ಸರದಿ ಹಂಚುವ ಸಮಿತಿ ದೂರದರ್ಶಕವನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ನೋಡಿದರೆ, ಜೆಟ್ಟಿನ ತುದಿಯಲ್ಲಿ ಗಂಟಿನಂತೆ ಕಾಣುವ ಚುಕ್ಕಿ ಕಳೆದ ವರ್ಷದ ಚಿತ್ರಕ್ಕಿಂತ ಕುಳಿಗೆ ಹತ್ತಿರ ಬಂದಿದೆ!

"ಉಗುಳಿದ್ದನ್ನ ಮತ್ತೆ ನೆಕ್ತಿದೆಯೇನೋ."

"ಥೂ, ಊಟದ ಹೊತ್ತಲ್ಲಿ! ಎಡಗಡೆ ಆ ಮಂಕು ಚುಕ್ಕಿ ಯಾವುದೋ? ಅಲ್ಲೇನೂ ಇರಬಾರದಲ್ಲ?"

"ಏನೋ ಕಸ, ಬಿಡಿ."

ಅವಳು ಚಮಚ ಕೆಳಗಿಟ್ಟಳು. ಚಿತ್ರದಲ್ಲಿ ಅತಿ ಹೊಳೆಯುವ ಚುಕ್ಕಿಯನ್ನು ನಡುವೆ ಕೂರಿಸುವುದು ಅಲ್ಲಿನ ರೂಢಿ. ಅಷ್ಟು ಹೊಳೆಯುವುದು ಜೆಟ್ ಚಿಮ್ಮುವ ಕುಳಿಯ ಬಾಯೇ ಎಂದು ಎಲ್ಲರೂ ನಂಬಿದ್ದರು.

"ನಡುವೆ ಕೂತಿರೋದು ಕುಳಿನೇ ಅಂತ ಯಾರಪ್ಪಾ ಹೇಳಿದ್ದು?"

"ಅದೇ ತಾನೇ ಫಳಫಳ ಅಂತಿರೋದು?"

"ಮದುವೆ ಮನೇಲಿ ಮಿಂಚೋರೆಲ್ಲ ಮದುಮಕ್ಕಳಾ?"

"ನಿಮ್ಮ ಮದುವೇಲಿ ಅಣ್ಣನಿಗಿಂತ ನಾನೇ ಮಿಂಚಿದ್ದೆ."

"ಅದಕ್ಕೇ ನಿನ್ನ ಮಾತು ನಂಬಬಾರದು. ಹೋದ ವರ್ಷದ ಚಿತ್ರದ ಮೇಲಿಟ್ಟು ಇದನ್ನ ಬಲಕ್ಕೆ ಸರಿಸು!"

ಸರಿಸಿದ. ಮಂಕು ಚುಕ್ಕಿ ಹಳೆಯ ಚಿತ್ರದ ಕುಳಿಯ ಮೇಲೆ ಹೋಗಿ ಕೂತಿತು, ತುದಿಯ ಗಂಟು ಹಳೆಯ ಗಂಟಿನ ಮೇಲೆ. ಆಕಾಶದಲ್ಲಿ ಕದಲದ ನೆರೆಯ ಗೆಲಾಕ್ಸಿಯೊಂದರಿಂದ ಅಳೆದರೂ ಮಂಕು ಚುಕ್ಕಿ ಅದೇ ಜಾಗದಲ್ಲಿತ್ತು. ಫಳಫಳ ಹೊಳೆದದ್ದು ಕಳೆದ ವರ್ಷ ಕುಳಿಗೆ ಅಂಟಿಕೊಂಡಂತಿದ್ದ ಪುಟ್ಟ ಉಂಡೆ! ಕುಳಿಯನ್ನೇ ಮಂಕಾಗಿಸುವಷ್ಟು ಉರಿಯುತ್ತ ಜೆಟ್ಟಿನ ದಾರಿಯಲ್ಲಿ ಹೊರಕ್ಕೆ ಹಾರಿಹೋಗಿತ್ತು.

"ಆ ಉಂಡೆ ವೇಗ ಎಷ್ಟೋ?"

"ಬೆಳಕಿನ ಏಳು ಪಟ್ಟು ಅಂತಿದೆ. ಪೊಲೀಸ್ ಹಿಡೀತಾರೆ ಅತ್ತಿಗೆ!"

ಅವಳು ಫೋನ್ ಮಾಡಿ ಹೇಳಿದಾಗ ಸಮಿತಿಯ ಅಧ್ಯಕ್ಷರು ಕೆಮ್ಮಿದರು. "ಬೆಳಕಿಗಿಂತ ಜೋರಾ? ತಿಂಡಿ ತಿಂದಿದ್ದೀಯೇನಮ್ಮಾ?"

"ಹಾಗೆ ಕಾಣುತ್ತೆ ಅಷ್ಟೇ ಸಾರ್. ನಿಜಕ್ಕೂ ಆ ಉಂಡೆ ಬೆಳಕಿಗಿಂತ ಕೂದಲೆಳೆಯಷ್ಟು ನಿಧಾನ. ಆದ್ರೆ ಹೆಚ್ಚುಕಮ್ಮಿ ನಮ್ಮ ಕಡೆಗೇ ಬರ್ತಿದೆ. ತಾನು ಬಿಟ್ಟ ಬೆಳಕಿನ ಬೆನ್ನಿಗೇ ಓಡಿಬರೋದ್ರಿಂದ, ವರ್ಷಗಟ್ಟಲೆ ಓಡಿದ್ದು ನಮಗೆ ತಿಂಗಳಲ್ಲೇ ಮುಗಿದ ಹಾಗೆ ಕಾಣುತ್ತೆ."

ಆ ಕಡೆಯಿಂದ ನಗು. "ಹಾಗಾದ್ರೆ ಅದನ್ನ ಬಿಡಬೇಡ. ವರ್ಷವಿಡೀ ನೋಡು."

ಫೋನ್ ಇಟ್ಟವಳೇ ಕೆಳಗೆ ಗಾಲಿಯಿದ್ದ ಆಫೀಸು ಕುರ್ಚಿಯ ಮೇಲೆ ಕಾಲು ಮಡಚಿ ಕೂತಳು. ಮೈದುನ ಉದ್ದನೆಯ ಪಡಸಾಲೆಯಲ್ಲಿ ತಳ್ಳಿಕೊಂಡು ಓಡಿದ. ಲೆಕ್ಕಪತ್ರದವರು ಬಾಗಿಲಿನಿಂದ ಇಣುಕಿ ಗಕ್ಕನೆ ತಲೆ ಒಳಗೆಳೆದುಕೊಂಡರು.

"ಬ್ರೇಕ್ ಇಲ್ಲ ಅತ್ತಿಗೆ!"

"ಯಾರು ಕೇಳಿದ್ರೋ ಬ್ರೇಕು? ತಳ್ಳು!"