ಬೆನ್ನಿಗೂ ಗುಂಡಿ

ಕಾವೇರಿ ಕೂತರೂ ಕೂತಂತಿರಲಿಲ್ಲ. ಒಂದು ಕಾಲು ಮಷೀನಿನ ಪೆಡಲಿನ ಮೇಲಿದ್ದರೆ ಇನ್ನೊಂದು ತನ್ನ ಪಾಡಿಗೆ ತಾನು ಸ್ಟೆಪ್ಪು ಹಾಕುತ್ತಿತ್ತು. ಕೆ.ಆರ್. ಪುರದ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಸೇರಿದಾಗಿನಿಂದ ಅವಳು ಹೊಲಿದದ್ದು ಶರ್ಟಿನ ಎದೆಯ ಮೇಲಿನ ಗುಂಡಿಪಟ್ಟಿ, ಅದೊಂದೇ. ಕಾಲರ್ ಬೇರೆ ಯಾರೋ, ತೋಳು ಇನ್ಯಾರೋ. ತಾನು ಪಟ್ಟಿ ಹಾಕಿದ ಶರ್ಟು ಪೂರ್ತಿಯಾದರೆ ಹೇಗಿರುತ್ತದೆಂದು ತಿಳಿಯಲು ಬಸ್ಸಿನಲ್ಲಿ ಎದುರು ನಿಂತ ಗಂಡಸರನ್ನು ದಿಟ್ಟಿಸಬೇಕಿತ್ತು. ಅವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸ್ಯಾಂಪಲ್ ಸೆಕ್ಷನ್ನಿನಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿ ಒಬ್ಬರೇ ಕೂತು ಒಂದು ಇಡೀ ಬಟ್ಟೆ ಹೊಲಿಯುತ್ತಾರೆ. ಅಲ್ಲಿನ ಯಜಮಾನ ಶೌಕತ್ ಮಾಸ್ಟರ್ ಡಂಗುರ ಸಾರಿದರು: ಕಾಗದದ ಪ್ಯಾಟರ್ನ್ ಇಟ್ಟುಕೊಂಡು, ಕಾಗದ ಹೇಳಿದ ಹಾಗೇ ಮೂರು ಬೇಸಿಗೆ ಬಟ್ಟೆ ಹೊಲಿದು ಸೋಮವಾರ ತರಬೇಕು.

"ಎಷ್ಟ್ ದಿನ ಗುರು ಈ ಸೈಡ್ ಆಕ್ಟಿಂಗು? ಕಾವೇರಿ ಎಂಟ್ರಿ ಕೊಟ್ರೆ ಫುಲ್ ಪಿಕ್ಚರ್! ಟ್ರೇಲರ್‌ಗೆಲ್ಲ ನಾವು ಡೇಟ್ಸ್ ಕೊಡಲ್ಲ!" ಎಂದು ಅವಳು ಇಡೀ ಲೈನಿಗೆ ಕೇಳುವಂತೆ ಘೋಷಿಸಿಬಿಟ್ಟಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯ ಓನರ್ ಗೋವಿಂದಮ್ಮ ಓದಿ ಎಸೆದಿದ್ದ ವಾರಪತ್ರಿಕೆಯ ಬೇಸಿಗೆ ಸಂಚಿಕೆಯಲ್ಲಿ ಉಚಿತ ಪ್ಯಾಟರ್ನುಗಳಿದ್ದವು: ತೋಳಿಲ್ಲದ ಫ್ರಾಕು, ಸಡಿಲ ಟಾಪು, ಉದ್ದ ಲಂಗ. ಶಿವಾಜಿನಗರದಲ್ಲಿ ಮಂಜೂರ್‌ನ ತಳ್ಳುಗಾಡಿಯಿಂದ ತೆಳ್ಳನೆಯ ಹಳದಿ ಹೂವಿನ ಬಟ್ಟೆ ಬಂತು. ಭಾನುವಾರ ಮಧ್ಯಾಹ್ನ, ಶೀಟಿನ ಮಾಡು ರೊಟ್ಟಿ ಹಂಚಿನಂತೆ ಕಾದಿರುವಾಗ, ಕಾವೇರಿ ಬಟ್ಟೆಯನ್ನು ಎರಡು ಪದರ ಮಾಡಿ ನೆಲಕ್ಕೆ ಹಾಸಿದಳು.

"ಏ, ಕಾಗದದಾಗ ಏನೋ ಬರದಾರಲ್ಲ, ಒಂದೀಟು ಓದಿ ಕತ್ತರಿ ಹಾಕಬೇ," ಎಂದಳು ಕೋಣೆಯ ಜೊತೆಗಾತಿ ಲಕ್ಷ್ಮಿದೇವಿ, ರೊಟ್ಟಿ ಮುರಿಯುತ್ತಾ. ಇಬ್ಬರೂ ರಾಯಚೂರು ಕಡೆಯವರು. ಲಕ್ಷ್ಮಿದೇವಿಯ ಮಾತು ಮಾತ್ರ ಇನ್ನೂ ಬೆಂಗಳೂರಿನ ಬಸ್ಸು ಹತ್ತಿರಲಿಲ್ಲ.

"ಟೈಟಲ್ ಕಾರ್ಡ್ ಓದೋಕೆ ಯಾರಾದ್ರೂ ಥಿಯೇಟರ್‌ಗೆ ಹೋಗ್ತಾರೇನೇ?"

ಕತ್ತರಿ ಸರಸರ ಓಡಿತು. ಫ್ರಾಕು, ಟಾಪು, ಲಂಗ, ಮೂರನ್ನೂ ಒಂದೇ ಉಸಿರಿಗೆ ಕತ್ತರಿಸಿದಳು. ಆಮೇಲೆ ಫ್ರಾಕಿನ ಮುಂಭಾಗವನ್ನು ಎದೆಗೆ ಹಿಡಿದು ನೋಡಿದರೆ ಅರ್ಧ ಎದೆಯಷ್ಟೇ ಮುಚ್ಚಿತು. ಇನ್ನರ್ಧ ನೆಲದ ಮೇಲಿತ್ತು. ಶರ್ಟಿನ ಮುಂಭಾಗ ಯಾವಾಗಲೂ ಎರಡು ತುಂಡಾಗಿಯೇ ಅವಳ ಕೈಗೆ ಬರುತ್ತಿದ್ದರಿಂದ ಅನುಮಾನವೇ ಬಂದಿರಲಿಲ್ಲ. ಬೆನ್ನು ನೋಡಿದಳು. ಅದೂ ಎರಡು ತುಂಡು.

ಲಕ್ಷ್ಮಿದೇವಿ ಕಾಗದದ ಅಂಚಿಗೆ ಕಣ್ಣು ಹಚ್ಚಿದಳು. "ಇದು ಅರ್ಧ ಚಿತ್ರ ಅಂತ. ಈ ಅಂಚನ್ನ ಬಟ್ಟಿ ಮಡಿಕಿಗೆ ಸರಿಯಾಗಿ ಇಡಬೇಕಂತ. ಮಡಿಕಿ ಕತ್ತರಿಸಬಾರದಂತ." ಆಮೇಲೆ ತಲೆಯೆತ್ತಿ, "ನೀ ಕತ್ತರಿಸೀದಿ," ಎಂದಳು.

"ಗೊತ್ತಾಯ್ತು ಬಿಡೇ ಸೆನ್ಸಾರ್ ಬೋರ್ಡು!"

ಬಟ್ಟೆ ಮುಗಿದಿತ್ತು. ಕಾವೇರಿ ಎದ್ದಳು, ಕೂತಳು, ಬಾಗಿಲಿಗೆ ಹೋಗಿ ಬಂದಳು. ಎರಡು ತುಂಡು ಸೇರಿಸುವ ಒಂದೇ ವಿದ್ಯೆ ಅವಳಿಗೆ ಗೊತ್ತಿದ್ದದ್ದು. ಲಕ್ಷ್ಮಿದೇವಿ ಕೈ ತೊಳೆದು ಬರುವಷ್ಟರಲ್ಲಿ ಅವಳ ಬಿಳಿ ದಿಂಬಿನ ಕವರು ಉದ್ದುದ್ದ ಪಟ್ಟಿಗಳಾಗಿತ್ತು. ಸಂಜೆಯೊಳಗೆ, ಗೋವಿಂದಮ್ಮನ ಹಳೇ ಮಷೀನಿನ ಮೇಲೆ, ಮೂರೂ ಬಟ್ಟೆಗಳಿಗೆ ಮುಂದೊಂದು, ಹಿಂದೊಂದು ಗುಂಡಿಪಟ್ಟಿ ಬಿತ್ತು.

"ದಿಂಬು ಬೆತ್ತಲೆ ಮಲಗ್ಯಾದ," ಎಂದು ಲಕ್ಷ್ಮಿದೇವಿ ಗೊಣಗಿದಳು.

"ಕಲೆಗೋಸ್ಕರ ತ್ಯಾಗ ಮಾಡಿದೆ ಅಂತ ಅದಕ್ಕೆ ಹೇಳು."

ಸೋಮವಾರ ಶೌಕತ್ ಮಾಸ್ಟರ್ ಫ್ರಾಕನ್ನು ಎತ್ತಿ ಹಿಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು.

"ಏನಮ್ಮ ಇದು? ಮುಂದೂ ಬಟನ್, ಹಿಂದೂ ಬಟನ್. ಹುಡುಗಿ ಯಾವ ಕಡೆಯಿಂದ ಒಳಗ್ ಹೋಗ್ಬೇಕು?"

"ಎರಡು ಬಾಗಿಲಿನ ಥಿಯೇಟರ್ ಸಾರ್. ಆ ಕಡೆ ಬಾಲ್ಕನಿ, ಈ ಕಡೆ ಗಾಂಧಿ ಕ್ಲಾಸು."

ಮಾಸ್ಟರ್ ನಗಲಿಲ್ಲ. ಪಟ್ಟಿಯ ಮೇಲೆ ಬೆರಳು ಎಳೆದುಕೊಂಡು ಹೋದರು. "ಮುನಿರಾಜಪ್ಪ, ಬಾರಪ್ಪ ಇಲ್ಲಿ. ನೋಡು, ಸ್ಕೇಲ್ ಇಟ್ಟಂಗೈತೆ."

ಲೈನ್ ಸೂಪರ್‌ವೈಸರ್ ಮುನಿರಾಜಪ್ಪನ ಮುಖ ಅರಳಿತು. "ಅದಕ್ಕೇ ಅಲ್ವಾ ಸಾರ್ ಇವಳನ್ನ ಬಿಟ್ಟುಕೊಡಲ್ಲ ಅಂತಿದ್ದಿದ್ದು! ಇಂಥಾ ಪಟ್ಟಿ ಹಾಕೋರು ನನ್ನ ಲೈನಲ್ಲಿ ಇನ್ನೊಬ್ರಿಲ್ಲ. ನಡಿಯಮ್ಮ ಹೀರೋಯಿನ್, ಬಂಡಲ್ ಕಾಯ್ತಾ ಇದೆ."

ಬಟ್ಟೆ ಉಳಿಸಿದ ಪಟ್ಟಿಯೇ ಕಾವೇರಿಯನ್ನು ಹಗ್ಗದ ಹಾಗೆ ಹಳೇ ಸೀಟಿಗೆ ಎಳೆಯುತ್ತಿತ್ತು. ಮುನಿರಾಜಪ್ಪ ಆಗಲೇ ಬೆನ್ನು ತಿರುಗಿಸಿ ಹೊರಟಿದ್ದ.

"ಸಾರ್, ಅದು ಡಿಸೈನ್ ಅಲ್ಲ," ಎಂದಳು. ದನಿ ಅವಳದ್ದೇ ಅನ್ನಿಸಲಿಲ್ಲ. "ತಪ್ಪು. ಮಡಿಕೆ ಕತ್ತರಿಸ್ಬಿಟ್ಟೆ. ಮುಚ್ಚೋಕೆ ಪಟ್ಟಿ ಹಾಕ್ದೆ. ಒಂದ್ ತುಂಡು ಬಟ್ಟೆ ಕೊಡಿ, ಈಗ್ಲೇ ಮಾಡ್ತೀನಿ. ಒಂದೂ ಗುಂಡಿ ಇಲ್ದೆ."

ಮಾಸ್ಟರ್ ಅವಳನ್ನೇ ನೋಡಿದರು. ನೀಲಿ ಬಟ್ಟೆಯೊಂದನ್ನೂ ಒಂದು ಪ್ಯಾಟರ್ನನ್ನೂ ಮೇಜಿನ ಮೇಲೆ ಎಸೆದು ಚಹಾಕ್ಕೆ ಹೋದರು.

ಈ ಸಲ ಕಾಗದವನ್ನು ಮೂಲೆಮೂಲೆ ಓದಿದಳು. ಕಾಲು ಕುಣಿಯುತ್ತಿತ್ತು, ಕುಣಿಯಲಿ ಎಂದು ಬಿಟ್ಟಳು. ಮಡಿಕೆಗೆ ಅಂಚು ಕೂಡಿಸಿ, ಕತ್ತರಿಸಿ, ಬಟ್ಟೆ ಬಿಡಿಸಿದರೆ ಎರಡೂ ಭುಜದ ಒಂದು ಇಡೀ ಎದೆ ತೆರೆದುಕೊಂಡಿತು. ಅವಳು ಗಟ್ಟಿಯಾಗಿ ನಕ್ಕೇಬಿಟ್ಟಳು. ಅಕ್ಕಪಕ್ಕದ ಮಷೀನುಗಳವರು ತಿರುಗಿ ನೋಡಿದರು.

ಚಹಾ ಮುಗಿಸಿ ಬಂದ ಮಾಸ್ಟರ್ ಒಂದು ಸ್ಟೂಲೆಳೆದು ಕೂತು, ಅವಳು ಹೊಲಿದು ಮುಗಿಸುವವರೆಗೂ ನೋಡಿದರು. ಆಮೇಲೆ ಟಾಪನ್ನು ಬೆಳಕಿಗೆ ಹಿಡಿದರು.

"ಕತ್ತು ಸೊಟ್ಟ."

"ಸೊಟ್ಟಾನೇ ಸಾರ್. ಆತುರ ಆಯ್ತು."

ಮಾಸ್ಟರ್ ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ಅವಳ ಮುಂದಿಟ್ಟರು. "ಬಿಚ್ಚು."

ಆ ಕಡೆಯಿಂದ ಮುನಿರಾಜಪ್ಪ ಕೂಗಿದ: "ಕಾವೇರೀ! ಲೈನ್ ನಿಂತೋಗಿದೆ ಕಣಮ್ಮಾ!"

"ಪಟ್ಟಿಗೆ ಬೇರೆಯವರನ್ನ ನೋಡ್ಕೋ ಮುನಿರಾಜಪ್ಪ," ಎಂದರು ಮಾಸ್ಟರ್, ಟಾಪಿನಿಂದ ಕಣ್ಣೆತ್ತದೆ. "ಇವಳಿಗೆ ಇನ್ನೂ ಕತ್ತು ಕಲಿಸ್ಬೇಕು."

"ಸಾರ್! ಹಂಗಂದ್ರೆ ನಾನು..."

"ಡೈಲಾಗ್ ಬೇಡ. ಬಿಚ್ಚು."