ಎರಡನೇ ಡ್ರೋನಿನ ಬ್ಯಾಟರಿ

ಡ್ರೋನಿನ ಚಿತ್ರ ಕೈಕೊಡುವ ಜಾಗಗಳನ್ನೆಲ್ಲ ತನ್ಮಯಿ ಹಿಂದಿನ ದಿನವೇ ಬಂದು ಗುರುತು ಹಾಕಿಕೊಂಡು ಹೋಗಿದ್ದಳು. ಶಾಲೆಯ ಕಟ್ಟಡದ ಹಿಂದಕ್ಕೆ ಹೋಗಕೂಡದು, ನೀರಿನ ಟ್ಯಾಂಕಿನ ಮರೆಗೆ ಹೋಗಕೂಡದು. ಕಾಂಕ್ರೀಟು ಅಡ್ಡ ಬಂದರೆ ಡ್ರೋನಿನ ಕ್ಯಾಮೆರಾ ಕಳಿಸುವ ಚಿತ್ರ ಅವಳ ಕಣ್ಣಿಗೆ ಕಟ್ಟಿದ ಗಾಗಲ್ಸಿಗೆ ತಲುಪುವುದಿಲ್ಲ. ಚಿತ್ರ ಹೋಯಿತೆಂದರೆ ಹಾರಿಸುವವಳಿಗೆ ಕಣ್ಣೇ ಹೋದಂತೆ. ಕೆಳಗೆ ಮುನ್ನೂರು ಮಕ್ಕಳಿರುವಾಗ ಹಾಗಾಗಬಾರದು ಎಂದು ರಾತ್ರಿಯೆಲ್ಲ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅನ್ನಪೂರ್ಣೇಶ್ವರಿ ನಗರದ ಒಂದು ಶಾಲೆಯ ಕ್ರೀಡಾ ದಿನಕ್ಕೆ ವಿಡಿಯೋ ಮಾಡಿಕೊಡುವ ಕೆಲಸ ಅದು. ಮಕ್ಕಳ ತಲೆಯ ಮೇಲೆ ಹಾರಿಸುವುದಿಲ್ಲ, ಮೈದಾನದ ಅಂಚಿನಲ್ಲೇ ಸುತ್ತು ಹಾಕುತ್ತೇನೆ ಎಂದು ಹೆಡ್‌ಮಿಸ್ಸು ಕಲ್ಯಾಣಮ್ಮನವರಿಗೆ ಮಾತು ಕೊಟ್ಟಿದ್ದಳು. ಮೈದಾನ ಪೂರ್ತಿ ಎದುರಿಗೆ ಸಿಗುವಂತೆ, ಪೂರ್ವಕ್ಕೆ ಮುಖ ಮಾಡಿ ಕುರ್ಚಿ ಹಾಕಿಕೊಂಡಳು. ಡ್ರೋನನ್ನು ಬರಿಗಣ್ಣಿನಿಂದ ನೋಡುತ್ತಿರುವವರು ಒಬ್ಬರು ಪಕ್ಕದಲ್ಲಿ ಬೇಕು. ಆ ಕೆಲಸಕ್ಕೆ ಅವಳ ಅಮ್ಮ ಅನಂತಲಕ್ಷ್ಮಿ. ಬಸವೇಶ್ವರನಗರದಿಂದ ಸ್ಕೂಟರಿನ ಹಿಂದೆ ಕೂತು, ಎರಡು ಡ್ರೋನುಗಳ ಬ್ಯಾಗನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಅಮ್ಮನಿಗೆ ತನ್ಮಯಿ ಹೇಳಿಕೊಟ್ಟದ್ದು ಒಂದೇ ಮಾತು, ಮೇಲೆ ನೋಡ್ತಾ ಇರು ಅಂತ. ಯಾಕೆ, ಏನು ಎಂದು ಬಿಡಿಸಿ ಹೇಳುವ ತಾಳ್ಮೆ ಈ ಹುಡುಗಿಗೆ ಯಾವತ್ತಿತ್ತು!

ಒಂಬತ್ತೂವರೆಗೆ ಬ್ಯಾಂಡು ನಿಂತಿತು. ಮಕ್ಕಳು ಯೋಗಾಸನಕ್ಕೆ ಸಾಲುಸಾಲಾಗಿ ಕೂತರು. ತನ್ಮಯಿ ಡ್ರೋನು ಏರಿಸಿದಳು. ಒಂದು ಸುತ್ತು ಸಲೀಸಾಗಿ ಆಯಿತು. ಎರಡನೇ ಸುತ್ತಿನ ಅರ್ಧದಲ್ಲಿ ಚಿತ್ರ ಒಮ್ಮೆ ಹರಿದು, ನುಸಿ ಮುತ್ತಿದ ಹಾಗಾಗಿ, ಮತ್ತೆ ತಿಳಿಯಾಯಿತು. ಬೆಳಗಿನಿಂದ ಇಲ್ಲದಷ್ಟು ತಿಳಿ. ಆದರೆ ಅದರಲ್ಲಿ ಮೈದಾನವಿರಲಿಲ್ಲ. ಯಾರೋ ಒಬ್ಬಳು ಕುರ್ಚಿಯಲ್ಲಿ ಬೆನ್ನು ಹಾಕಿ ಕೂತಿದ್ದಳು, ಜಡೆಯ ಮೇಲೆ ಗಾಗಲ್ಸಿನ ಪಟ್ಟಿ. ಯಾರಿವಳು ಎಂದುಕೊಂಡ ಮರುಕ್ಷಣ ತನ್ಮಯಿಗೆ ಗೊತ್ತಾಯಿತು. ಕೂತಿದ್ದವಳು ಅವಳೇ.

ಹಿಂದೆ ಮೇಜಿನ ಮೇಲಿದ್ದ ಎರಡನೇ ಡ್ರೋನಿಗೆ ಅಮ್ಮ ಬ್ಯಾಟರಿ ಸಿಕ್ಕಿಸಿದ್ದರು. ಮೊದಲನೆಯದು ಇಳಿಯುವ ಹೊತ್ತಿಗೆ ಇದು ತಯಾರಿದ್ದರೆ ಮಗಳಿಗೆ ಎರಡು ನಿಮಿಷ ಉಳಿಯುತ್ತದಲ್ಲ, ಅನ್ನಕ್ಕೆ ಮೊದಲೇ ಎಸರಿಟ್ಟ ಹಾಗೆ. ಚಿತ್ರ ಕಳಿಸಲು ಎರಡು ಡ್ರೋನಿನದೂ ಒಂದೇ ಚಾನೆಲ್ಲು. ಒಂದು ಹಾರುತ್ತಿರುವಾಗ ಇನ್ನೊಂದಕ್ಕೆ ಬ್ಯಾಟರಿ ಹಾಕಿದರೆ ಹತ್ತಿರದ್ದರ ಚಿತ್ರ ದೂರದ್ದನ್ನು ನುಂಗಿಬಿಡುತ್ತದೆ. ಇದನ್ನು ತನ್ಮಯಿ ಅಮ್ಮನಿಗೆ ಹೇಳಿಯೇ ಇರಲಿಲ್ಲ.

ಆ ಬ್ಯಾಟರಿ ಕಿತ್ತುಬಿಡು ಎಂದಳು. ಗಾಗಲ್ಸಿನ ತುಂಬ ಅಮ್ಮನ ಬೆರಳುಗಳು ಬಂದವು, ಬಳೆ ಬಂತು, ಗಾಬರಿಬಿದ್ದ ಮುಖ ಬಂತು. ಪ್ಲಗ್ಗು ಬಿಗಿ, ಜಗ್ಗಲಿಲ್ಲ. ತನ್ಮಯಿ ಡ್ರೋನನ್ನು ಸಮತಟ್ಟು ಮಾಡುವ ಗುಂಡಿ ಒತ್ತಿ ಇನ್ನಷ್ಟು ಮೇಲಕ್ಕೆ ಎತ್ತಿದಳು. ಸಮತಟ್ಟಾದರೂ ಅದು ಗಾಳಿ ತಳ್ಳಿದ ಕಡೆ ಜಾರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೋ ನೆನಪಾಗಲಿಲ್ಲ. ಮೋಟಾರು ನಿಲ್ಲಿಸುವ ಗುಂಡಿ ತೋರುಬೆರಳಿನ ಕೆಳಗೇ ಇತ್ತು. ಒತ್ತಿದರೆ ಮುಕ್ಕಾಲು ಕೆ.ಜಿ. ತೂಕ ಕಲ್ಲಿನಂತೆ ಕೆಳಗೆ ಬರುತ್ತದೆ. ಯಾರ ಮೇಲೆ? ಮೊಣಕೈಯಿಂದ ಗಾಗಲ್ಸನ್ನು ಹಣೆಗೆ ಸರಿಸಿ ನೋಡಿದಳು. ಎದುರಿಗೆ ಸೂರ್ಯ. ಬಿಳುಪು ಬಿಟ್ಟರೆ ಏನೂ ಇಲ್ಲ.

"ಅದನ್ನ ಬಿಡಮ್ಮ. ಡ್ರೋನ್ ಎಲ್ಲಿದೆ ಹೇಳು."

ಅಮ್ಮ ಪ್ಲಗ್ಗು ಬಿಟ್ಟು ಕತ್ತು ವಾಲಿಸಿದರು. ಮುಂದಿನ ಸಾಲಿನಲ್ಲಿ ಎರಡನೇ ಕ್ಲಾಸಿನ ಮಕ್ಕಳು ಕಣ್ಣು ಮುಚ್ಚಿ ಕೂತಿದ್ದವು.

"ಮಕ್ಕಳ ಮೇಲಿದೆ. ಇಳಿಸ್ಬೇಡ," ಎಂದರು ಅಮ್ಮ.

ಇಳಿಸಲಿಲ್ಲ. ಆದರೆ ಹಾರುತ್ತಿದ್ದದ್ದರ ಬ್ಯಾಟರಿ ಹೆಚ್ಚೆಂದರೆ ಇನ್ನೊಂದು ನಿಮಿಷ ಬರುತ್ತಿತ್ತು.

"ಆಚೆ ಹೋಗ್ತಾ ಇದೆ. ಇರು, ಇನ್ನೂ ಇರು. ಕಾಂಪೌಂಡ್ ದಾಟ್ತು. ಖಾಲಿ ಸೈಟ್ ಮೇಲಿದೆ. ಈಗ ಬಿಡು."

ತನ್ಮಯಿ ಗುಂಡಿ ಒತ್ತಿದಳು. ಆಚೆ ಎಲ್ಲೋ ಧಪ್ಪೆಂದಿತು. ಯಾರೂ ಕಿರುಚಲಿಲ್ಲ. ಮೈಕಿನಲ್ಲಿ ಪಿ.ಟಿ. ಮೇಷ್ಟ್ರು ಉಸಿರು ಬಿಡಿ ಎಂದರು.

ಅವಳು ಗೇಟು ಬಳಸಿ ಸೈಟಿಗೆ ಓಡಿದಳು. ಪಾರ್ಥೇನಿಯಂ ಗಿಡಗಳ ನಡುವೆ ಡ್ರೋನು ಕೈಕಾಲು ಮುರಿದುಕೊಂಡು ಬಿದ್ದಿತ್ತು, ಕಾಂಪೌಂಡಿನಿಂದ ಎರಡೇ ಮಾರು ಆಚೆ. ಗೋಡೆಯ ಈಚೆ ಕೊನೆಯ ಸಾಲಿನ ಮಕ್ಕಳು. ಅವಳು ತುಂಡುಗಳನ್ನು ಆಯ್ದುಕೊಂಡಳು.

ವಾಪಸು ಬರುವಾಗ ಬ್ಯಾಟರಿ ಸಿಕ್ಕಿಸಿದ ಅಮ್ಮನ ಮೇಲಿನ ಸಿಟ್ಟೆಲ್ಲ ಇಳಿದುಹೋಗಿತ್ತು. ನೀನು ನೋಡದೆ ಇದ್ದಿದ್ದರೆ ಇವತ್ತು ನನ್ನ ಕತೆ ಮುಗೀತಿತ್ತು ಎಂದಳು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ನಾನೆಲ್ಲಿ ನೋಡ್ದೆ? ನಿನ್ನ ಕಣ್ಣು ಕುಕ್ಕಿದ ಬಿಸಿಲು ನನಗೆ ಕುಕ್ಕಲ್ವೇನೇ? ಸದ್ದು ಕೇಳ್ಕೊಂಡು ಹೇಳ್ದೆ."

ಅಷ್ಟರಲ್ಲಿ ಕಲ್ಯಾಣಮ್ಮನವರು ನಗುತ್ತ ಬಂದರು. ಮುಂದಿನದು ಮಕ್ಕಳು ಕಟ್ಟುವ ಪಿರಮಿಡ್ಡು, ಇನ್ನೊಂದು ಡ್ರೋನು ಇದೆಯಲ್ಲ, ಅದನ್ನು ಹಾರಿಸಮ್ಮ ಎಂದರು. ಏನೂ ಗೊತ್ತಾಗಿರಲಿಲ್ಲ ಅವರಿಗೆ. ಸುಮ್ಮನಿದ್ದರೆ ಗೊತ್ತಾಗುವಂತೆಯೂ ಇರಲಿಲ್ಲ.

"ಇವತ್ತು ಹಾರಿಸಲ್ಲ ಮೇಡಂ," ಎಂದಳು ತನ್ಮಯಿ. "ಈಗ ಒಂದು ನಿಮಿಷ ನನ್ನ ಡ್ರೋನ್ ನಿಮ್ಮ ಮಕ್ಕಳ ತಲೆ ಮೇಲಿತ್ತು. ನನಗೂ ಕಾಣಿಸ್ತಿರ್ಲಿಲ್ಲ, ಅಮ್ಮನಿಗೂ ಕಾಣಿಸ್ತಿರ್ಲಿಲ್ಲ."

ಕಲ್ಯಾಣಮ್ಮನವರ ನಗು ನಿಂತಿತು. ಮೈದಾನದ ಕಡೆ ತಿರುಗಿ, ಸಾಲು ಸಾಲಾಗಿ ಮಕ್ಕಳನ್ನು ನೋಡುತ್ತ ನಿಂತರು.